ಮೋರಾ ಬೇ ಊರಿಗೆ ಮತ್ತೆ ಬಂದವಳು

ರೊವೀನಾ ಮತ್ತೆ ನಮ್ಮ ಮೋರಾ ಬೇ ಊರಿಗೆ ಬರುತ್ತಾಳೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಟೊಬೇಗೋ ಅನ್ನುವ ನಮ್ಮ ದ್ವೀಪದ ಹೆಸರು ರೇಡಿಯೋದಲ್ಲಿ ಬಂದರೂ ಎದ್ದು ಹೋಗಿ ಆರಿಸುತ್ತಿದ್ದೆ. ನವೆಂಬರಿನ ಒಂದು ಬೆಳಿಗ್ಗೆ ಅಂಗಳದಲ್ಲಿ ಕೋಳಿಗಳಿಗೆ ಕಾಳು ಚೆಲ್ಲುತ್ತಿದ್ದಾಗ ಫೋನು ಬಂತು.

"ಮಿಸ್ ಇಸ್ಮೇ, ನಾನು ರೊವೀನಾ. ಇಂಗ್ಲೆಂಡಿನಿಂದ. ಗುರುತು ಸಿಕ್ಕಿತಾ?"

ಗುರುತು ಸಿಗದೆ ಏನು. ನನ್ನ ಹೊಸ ಮೇಜುಬಟ್ಟೆಯನ್ನು ಅವಳ ತೋಳಿಗೆ ಸುತ್ತಿ, ರಕ್ತ ನಿಲ್ಲಲೆಂದು ದಾರಿಯುದ್ದಕ್ಕೂ ಅದುಮಿ ಹಿಡಿದು, ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ.

"ನೀಲಿ ಕೋಣೆ ಖಾಲಿ ಇದೆಯಾ?"

"ಇದೆ ಮಗಾ," ಅಂದೆ.

ನಮ್ಮದು ಮೂರು ಕೋಣೆಯ ಗೆಸ್ಟ್ ಹೌಸು. ನಾನು ಅಡುಗೆ ಮಾಡುತ್ತೇನೆ, ಗಂಡ ಆಲ್ಸ್ಟನ್ ಟ್ಯಾಕ್ಸಿ ಓಡಿಸುತ್ತಾನೆ. ಬಂದವರಿಗೆ ಮೊದಲ ದಿನವೇ ನಾನು ಹೇಳುವ ಮಾತು ಒಂದಿಷ್ಟಿದೆ. ಹೊಳೆ ಸಮುದ್ರಕ್ಕೆ ಸೇರುವ ಬಲಗಡೆ ಮೂಲೆಯಲ್ಲಿ ಈಜಬೇಡಿ, ಅಲ್ಲಿ ನೀರು ಕಾಲು ಹಿಡಿದು ಒಳಕ್ಕೆ ಎಳೆಯುತ್ತದೆ. ಬೆಲೆಬಾಳುವುದನ್ನು ಮರಳಿನ ಮೇಲೆ ಬಿಟ್ಟು ನೀರಿಗಿಳಿಯಬೇಡಿ. ಜಲಪಾತಕ್ಕೆ ಹೋಗುವುದಾದರೆ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಈ ಕೊನೆಯ ಮಾತನ್ನು ಸೇರಿಸಿಕೊಂಡದ್ದು ರೊವೀನಾಳ ಸಂಗತಿ ನಡೆದ ಮೇಲೆ. ಅದಕ್ಕೆ ಮುಂಚೆ ಆ ದಾರಿಯಲ್ಲಿ ನಮ್ಮ ಮಕ್ಕಳು ಒಬ್ಬೊಬ್ಬರೇ ಹೋಗಿ ಬರುತ್ತಿದ್ದರು, ಹೆದರಿಕೆ ಅಂದರೆ ಜಾರಿ ಬೀಳುವುದಷ್ಟೇ.

ಅವತ್ತು ರೊವೀನಾ ಒಬ್ಬಳೇ ಹೋಗಿದ್ದಳು. ದೊಡ್ಡ ಆಲದ ಬೇರಿನ ತಿರುವಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ಹುಡುಗನೊಬ್ಬ ಹಿಂದಿನಿಂದ ಬಂದ. ಕೈಯಲ್ಲಿ ಮಚ್ಚು. ಚೀಲ ಕೊಡು ಅಂದ. ಅವಳು ಕೊಡುತ್ತಿದ್ದಳೋ ಏನೋ, ಚೀಲದ ಪಟ್ಟಿ ಭುಜಕ್ಕೆ ಸಿಕ್ಕಿಕೊಂಡಿತು, ಅವನಿಗೆ ಗಾಬರಿಯಾಯಿತು, ಮಚ್ಚು ಬೀಸಿದ. ತೋಳು ಸೀಳಿತು. ಮೂಳೆ ಉಳಿಯಿತು.

ಹೊರಗಿನವನಾಗಿದ್ದರೆ ನಾವೂ ಊರು ತುಂಬ ಬೈದುಕೊಂಡು ಮರೆತುಬಿಡುತ್ತಿದ್ದೆವೇನೋ. ಅವನು ನಮ್ಮವನೇ ಆಗಿದ್ದ. ಕಡಲ ದಂಡೆಯಲ್ಲಿ ಕರಿದ ರೊಟ್ಟಿ, ಉಪ್ಪುಮೀನು ಮಾರುವ ಎಫೀಯ ಕಿರಿ ಮಗ, ಕರ್ವಿನ್. ಪಟ್ಟಣದಲ್ಲಿ ಯಾರ್ಯಾರದೋ ಸಹವಾಸ ಬಿದ್ದು ಕೆಟ್ಟಿದ್ದ ಅನ್ನುವುದು ನಮಗೆ ಗೊತ್ತಿತ್ತು. ಇಷ್ಟು ಕೆಟ್ಟಿದ್ದಾನೆ ಅನ್ನುವುದು ಗೊತ್ತಿರಲಿಲ್ಲ. ಪೊಲೀಸರು ಅನುಮಾನದ ಮೇಲೆ ಎಫೀಯ ಮನೆಗೆ ಬಂದು, ಮಧ್ಯಾಹ್ನ ನಿನ್ನ ಮಗ ಎಲ್ಲಿದ್ದ ಅಂತ ಕೇಳಿದಾಗ, ಅವಳು ಮನೆಯಲ್ಲಿದ್ದ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮುಖ ನೋಡಿದವರು ಯಾರೂ ಇರಲಿಲ್ಲ. ಅವಳು ಹೇಳಲಿಲ್ಲ. ನ್ಯಾಯಾಲಯದಲ್ಲೂ ಹೇಳಲಿಲ್ಲ. ಕರ್ವಿನ್ ಟ್ರಿನಿಡಾಡಿನ ಜೈಲಿಗೆ ಹೋದ. ಊರಲ್ಲಿ ಕೆಲವರು ಎಫೀಯ ರೊಟ್ಟಿ ಕೊಳ್ಳುವುದನ್ನು ಬಿಟ್ಟರು. ಕಳ್ಳನ ತಾಯಿ ಅಂತ ಒಬ್ಬರು ಬಿಟ್ಟರೆ, ಹೆತ್ತ ಮಗನನ್ನೇ ಹಿಡಿದುಕೊಟ್ಟ ಕಲ್ಲೆದೆಯವಳು ಅಂತ ಇನ್ನೊಬ್ಬರು ಬಿಟ್ಟರು. ಅವಳು ಇಬ್ಬರಿಗೂ ಏನೂ ಅನ್ನದೆ ಬಾಣಲೆಯ ಮುಂದೆ ಕೂತೇ ಇದ್ದಳು.

ಪ್ರವಾಸಿಗರು ಕಮ್ಮಿಯಾದರು. ಆ ವರ್ಷ ನನ್ನ ಮೂರು ಕೋಣೆಗಳಲ್ಲಿ ಎರಡು ಬಾಗಿಲು ಹಾಕಿಕೊಂಡೇ ಕಳೆದವು.

ಆಲ್ಸ್ಟನ್ ವಿಮಾನ ನಿಲ್ದಾಣದಿಂದ ರೊವೀನಾಳನ್ನು ಕರೆತಂದ. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು, ಸ್ವಲ್ಪ ಸೊರಗಿದ್ದಳು. ಊಟದ ಮನೆಗೆ ಬಂದವಳು ಸಮುದ್ರ ಕಾಣುವ ಒಳ್ಳೆಯ ಕುರ್ಚಿಯನ್ನು ಬಿಟ್ಟು, ಗೋಡೆಗೆ ಆತುಕೊಂಡಿದ್ದ ಮುರುಕು ಬೆಂಚಿನಲ್ಲಿ ಕೂತಳು. ನಾನು ಸಾರಿನ ಪಾತ್ರೆ ಹಿಡಿದು ಬೆಂಚಿನ ಬದಿಯ ಬಾಗಿಲಿನಿಂದ ಅವಳಿಗೆ ಕಾಣದ ಹಾಗೆ ಬಂದದ್ದಕ್ಕೆ ಬೆಚ್ಚಿ ಎದ್ದೇ ನಿಂತಳು.

"ಕ್ಷಮಿಸಿ ಮಿಸ್ ಇಸ್ಮೇ. ಬೆನ್ನ ಹಿಂದೆ ಯಾರಾದರೂ ಬಂದರೆ ನನಗೆ ಆಗೋದಿಲ್ಲ."

ಆಮೇಲೆ ಏಡಿ ತಿನ್ನುತ್ತ ತಿನ್ನುತ್ತ ಹೇಳಿದಳು. ಅವಳು ತನ್ನೂರಲ್ಲಿ ಬಸ್ಸು ಓಡಿಸುತ್ತಿದ್ದವಳು. ಅಲ್ಲಿ ಚಾಲಕರ ಬೆನ್ನ ಹಿಂದೆಯೇ ತಾನೇ ಅಷ್ಟೂ ಜನ ಕೂರುವುದು. ತೋಳು ಮಾಗಿ ಕೆಲಸಕ್ಕೆ ಮರಳಿದ ಮೊದಲ ವಾರ, ಮುದುಕನೊಬ್ಬ ನಿಲ್ದಾಣ ಯಾವುದು ಅಂತ ಕೇಳಲು ಹಿಂದಿನಿಂದ ಭುಜ ಮುಟ್ಟಿದ. ಅವಳು ತುಂಬಿದ ಬಸ್ಸನ್ನು ರಸ್ತೆ ನಡುವೆ ನಿಲ್ಲಿಸಿ ಇಳಿದು ಓಡಿಬಿಟ್ಟಳು. ಆಮೇಲೆ ಅವಳನ್ನು ಡಿಪೋದಲ್ಲಿ ಕೂರುವ ಕೆಲಸಕ್ಕೆ ಹಾಕಿದರು.

"ಜಲಪಾತದವರೆಗೂ ಒಂದು ಸಲ ನಡೆದು ಬಂದುಬಿಟ್ಟರೆ ಸರಿಹೋಗಬಹುದು ಅಂತ ಅನಿಸಿತು. ಹುಚ್ಚು ಅನಿಸುತ್ತಾ ನಿಮಗೆ?"

"ಹುಚ್ಚು ಯಾಕನಿಸಬೇಕು. ಇನ್ನೊಂದು ಕಾಲು ತಿನ್ನು. ಆದರೆ ಒಬ್ಬಳೇ ಬೇಡ," ಅಂದೆ.

"ಒಬ್ಬಳೇ ಹೋಗಬೇಕು, ಅದಕ್ಕೇ ಬಂದಿದ್ದು," ಅಂದಳು.

ಅವಳು ಬಂದ ಸುದ್ದಿ ಪೆಟ್ಟಿಗೆ ಬಿಚ್ಚುವ ಮೊದಲೇ ಊರು ಸುತ್ತಿತ್ತು. ಸಂಜೆ ರಮ್ ಮಾರುವ ಅಂಗಡಿಯ ಮುಂದೆ ಜನ ಸೇರಿದರು. ನಿವೃತ್ತ ಮುಖ್ಯೋಪಾಧ್ಯಾಯರಾದ ಮೆಲ್ವಿಲ್ ಮೇಷ್ಟ್ರು ನಮ್ಮ ಗ್ರಾಮ ಮಂಡಳಿಯ ಅಧ್ಯಕ್ಷರು. ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಮಾತಾಡುವಾಗ ಈಗಲೂ ಕೈಯಲ್ಲಿ ಬೆತ್ತ ಇದ್ದಂತೆಯೇ.

"ಆ ಹೆಣ್ಣುಮಗಳಿಗೆ ಈ ಸಲ ಸೊಳ್ಳೆ ಕೂಡ ಕಚ್ಚಬಾರದು. ಎಲ್ಲಿ ಹೋದರೂ ನಮ್ಮ ಒಂದು ಕಣ್ಣು ಇರಬೇಕು," ಅಂದರು.

"ಕಣ್ಣಿಡೋದೇನು, ನಾನು ನೀರೊಳಗೂ ಜೊತೆಗಿರ್ತೀನಿ ಮೇಷ್ಟ್ರೇ," ಅಂದ ಮೀನು ಹಿಡಿಯುವ ಬೋಸನ್.

"ನಿನ್ನನ್ನು ನೀರೊಳಗೆ ನೋಡಿದರೆ ಅವಳು ಶಾರ್ಕ್ ಅಂತ ಹೆದರ್ತಾಳೆ. ನೀನು ದಂಡೆಯಲ್ಲೇ ಇರು," ಅಂದ ಆಲ್ಸ್ಟನ್.

ಜನ ನಕ್ಕರು. ನಗು ಇಳಿದ ಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಎಫೀಯ ಕಡೆ ತಿರುಗಿದರು. ಅವಳು ಎಲ್ಲರಿಗಿಂತ ಹಿಂದೆ, ಕೈಕಟ್ಟಿ ನಿಂತಿದ್ದಳು.

"ಎಫೀ, ನೀನು ತಪ್ಪು ತಿಳೀಬಾರದು. ಆಕೆ ಇಲ್ಲಿರೋವರೆಗೂ ದಂಡೆಗೆ ಬರದೇ ಇದ್ದರೆ ಒಳ್ಳೇದು."

"ನಾನು ಮಚ್ಚು ಬೀಸಿದೆನಾ ಮೇಷ್ಟ್ರೇ?"

"ಹಾಗಲ್ಲ. ಆಕೆಗೆ ಯಾರಾದರೂ, ಇವಳೇ ಅವನ ತಾಯಿ ಅಂತ ತೋರಿಸಿದರೆ ಆಕೆ ಮನಸ್ಸಿಗೆ ಹೇಗಾಗುತ್ತೆ ಯೋಚನೆ ಮಾಡು."

ಎಫೀ ಕಟ್ಟಿದ್ದ ಕೈ ಬಿಚ್ಚಿದಳು. "ಸರಿ. ಹಿಂಬದಿ ಕೊಲ್ಲಿಗೆ ಹೋಗಿ ತೆಂಗಿನಕಾಯಿ ಸುಲೀತೀನಿ, ಎಣ್ಣೆ ತೆಗೀಬೇಕಾಗಿತ್ತು ಹೇಗೂ. ಅಲ್ಲಿಗೆ ಯಾರೂ ಬರಲ್ಲ. ಆಕೆ ಕಣ್ಣಿಗೆ ನಾನು ಬೀಳಲ್ಲ," ಅಂದಳು. ಅಂದು, ಯಾರ ಮುಖವನ್ನೂ ನೋಡದೆ ಗುಡ್ಡದ ದಾರಿ ಹಿಡಿದಳು. ನಾನು ಹಿಂದೆಯೇ ಹೋಗಿ ಕೂಗಿದೆ. "ನಿಲ್ಲೇ ಎಫೀ." ಅವಳು ನಿಲ್ಲಲಿಲ್ಲ. "ನಿನ್ನ ಅತಿಥಿಗೆ ಹೊಟ್ಟೆ ತುಂಬಾ ಹಾಕು ಹೋಗು, ಸೊರಗಿದಾಳಂತೆ," ಅಂತ ನಡೆಯುತ್ತಲೇ ಹೇಳಿದಳು.

ಮಾರನೇ ದಿನದಿಂದ ರೊವೀನಾಳಿಗೆ ಊರಿನ ಕಾವಲು ಶುರುವಾಯಿತು. ಅವಳು ಮರಳಿನ ಮೇಲೆ ಟವೆಲ್ ಹಾಸಿದರೆ ಬೋಸನ್ ಅಲ್ಲೇ ಪಕ್ಕಕ್ಕೆ ಬಲೆ ತಂದು ಹರವಿಕೊಂಡು ಹೊಲಿಯುತ್ತ ಕೂರುತ್ತಿದ್ದ. ಹರಿದಿರದ ಬಲೆ ಅದು. ಅವಳು ಅಂಗಡಿಗೆ ಹೋದರೆ ಇಬ್ಬರು ಹೆಂಗಸರಿಗೆ ಆಗಲೇ ಉಪ್ಪು ಮುಗಿದಿರುತ್ತಿತ್ತು. ರಸ್ತೆಗಿಳಿದರೆ ಆಲ್ಸ್ಟನ್ನನ ಟ್ಯಾಕ್ಸಿ ಆಮೆಯಂತೆ ಹಿಂದೆ. ಜಲಪಾತದ ದಾರಿಯ ಕಡೆ ಅವಳು ಒಂದು ಸಲ ತಿರುಗಿದ್ದಕ್ಕೆ ಚರ್ಚಿನ ಹಾಡಿನ ಗುಂಪೇ ಅತ್ತ ಹೊರಟಿತು, ಅಲ್ಲಿ ಹಾಡು ಕಲಿಯಲು ಗಾಳಿ ಚೆನ್ನಾಗಿದೆಯಂತೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದರು. ಆದರೆ ಬೆನ್ನ ಹಿಂದೆ ಯಾರಿದ್ದರೂ ಆಗದವಳ ಬೆನ್ನ ಹಿಂದೆ ಇಡೀ ಊರನ್ನೇ ನಿಲ್ಲಿಸಿದ ಹಾಗಾಗಿತ್ತು. ನಾನು ಮೇಷ್ಟ್ರಿಗೆ ಹೇಳಿದೆ. ಇನ್ನೂ ಸ್ವಲ್ಪ ದೂರದಿಂದ ನೋಡ್ಕೊಳ್ಳೋಕೆ ಹೇಳ್ತೀನಿ ಅಂದರು.

ಕೊನೆಗೆ ಒಂದು ಬೆಳಿಗ್ಗೆ ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ರೊವೀನಾ ಕೇಳಿದಳು. "ಮಿಸ್ ಇಸ್ಮೇ, ಇವರಿಗೆಲ್ಲ ನನ್ನನ್ನು ಕಾಯೋಕೆ ಹೇಳಿದ್ದು ಯಾರು?"

"ಯಾರೂ ಹೇಳಬೇಕಾಗಿರಲಿಲ್ಲ ಮಗಾ. ಊರಿಗೆ ನಾಚಿಕೆಯಾಗಿದೆ."

"ಅವರ ನಾಚಿಕೆ ಹೊತ್ತುಕೊಂಡು ನಾನು ಎಷ್ಟು ದಿನ ತಿರುಗಲಿ? ಮನೆಯಲ್ಲಿ ಭಯ ಅಂತ ಇಲ್ಲಿಗೆ ಬಂದೆ. ಇಲ್ಲಿ ಉಸಿರಾಡೋಕೂ ಜಾಗ ಇಲ್ಲ."

ಅವಳು ಕೂಗಲಿಲ್ಲ, ಮೆಲ್ಲಗೇ ಹೇಳಿದಳು. ನಾನು ತಟ್ಟೆ ತೊಳೆಯಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳಿರಲಿಲ್ಲ. ಹಿತ್ತಲ ಬೇಲಿ ದಾಟಿ, ಬಾಳೆಯ ತೋಟದೊಳಗಿಂದ, ಯಾರ ಕಣ್ಣಿಗೂ ಬೀಳದೆ ಹೋಗಿದ್ದಳು, ನಮಗೆ ಅದು ತಿಳಿದದ್ದು ಆಮೇಲೆ. ಆ ಕಾಲುದಾರಿ ಹೋಗಿ ಸೇರುವುದು ಒಂದೇ ಕಡೆಗೆ, ಹಿಂಬದಿ ಕೊಲ್ಲಿಗೆ.

ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು. ಎರಡು ಮಾತೂ ಒಂದಕ್ಕೊಂದು ಹೊಂದುತ್ತಿದ್ದವು.

ಹಿಂಬದಿ ಕೊಲ್ಲಿ ನೋಡಲು ಚೆಂದ. ಮರಳಿನ ಅಂಚಿನಲ್ಲೇ ಮಂಚನೀಲ್ ಮರಗಳಿವೆ. ಹಸಿರು ಸೇಬಿನಂಥ ಪುಟ್ಟ ಕಾಯಿ, ದಟ್ಟ ನೆರಳು. ಆದರೆ ಅದರ ಹಾಲು ತಾಗಿದರೆ ಮೈ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕಾಯಿ ಕಚ್ಚಿದವರ ಗಂಟಲು ಬಾತುಕೊಳ್ಳುತ್ತದೆ. ಮಳೆ ಬಂದಾಗ ಅದರಡಿ ನಿಲ್ಲುವುದಂತೂ ಇಲ್ಲವೇ ಇಲ್ಲ, ಎಲೆಯ ಮೇಲಿಂದ ಇಳಿವ ನೀರೇ ವಿಷ. ಎಚ್ಚರಿಕೆಗೆಂದು ಕಾಂಡಗಳಿಗೆ ಕೆಂಪು ಬಣ್ಣದ ಪಟ್ಟಿ ಬಳಿದಿದ್ದರು. ಪ್ರವಾಸಿಗರು ಬರುವುದು ನಿಂತ ಮೇಲೆ ಮತ್ತೆ ಬಳಿಯುವ ಗೋಜಿಗೆ ಯಾರೂ ಹೋಗಿರಲಿಲ್ಲ. ಬಣ್ಣ ಮಾಸಿ ತೊಗಟೆಯ ಜೊತೆ ಸೇರಿಹೋಗಿತ್ತು.

ರೊವೀನಾ ನೀರಿನ ಅಂಚಿನಲ್ಲಿ ನಡೆಯುತ್ತಿದ್ದಳಂತೆ. ಬಂದಾಗಿನಿಂದ ಮೊದಲ ಸಲ ಸುತ್ತಮುತ್ತ ಯಾರೂ ಇರಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದಳು. ಬಂಡೆಗಳ ಆಚೆ ಕಾಯಿ ಸುಲಿಯುತ್ತಿದ್ದ ಎಫೀ ಅವಳನ್ನು ಕಂಡಳು. ಯಾರೆಂದು ಕೇಳಬೇಕಾಗಿರಲಿಲ್ಲ. ಮಾತು ಕೊಟ್ಟಿದ್ದಳಲ್ಲ, ಬಂಡೆಯ ಮರೆಗೆ ಸರಿದು ಕೂತಳು, ಹೋದರೆ ಹೋಗಲಿ ಅಂತ.

ಆಗ ಮಳೆ ಬಂತು. ನಮ್ಮ ನವೆಂಬರ್ ಮಳೆ ಮುನ್ಸೂಚನೆ ಕೊಟ್ಟು ಬರುವಂಥದ್ದಲ್ಲ, ತಲೆಯ ಮೇಲೆ ಕೊಡ ಬಗ್ಗಿಸಿದ ಹಾಗೆ ಬರುತ್ತದೆ. ಎಫೀ ಬಂಡೆಯಾಚೆ ಇಣುಕಿ ನೋಡುವಾಗ ರೊವೀನಾ ಮರದಡಿ ನಿಂತು, ತಲೆ ಮೇಲೆತ್ತಿ, ಎಲೆಗಳ ನಡುವಿನಿಂದ ಬೀಳುವ ಹನಿಗಳನ್ನು ನೋಡುತ್ತಿದ್ದಳು.

ಎಫೀ ಓಡಿದಳು. "ಬಾ ಈಚೆಗೆ, ಆ ಮರದಡಿಯಿಂದ ಬಾ ಈಚೆಗೆ" ಅಂತ ಕಿರುಚುತ್ತ ಓಡಿದಳು. ಮಳೆಯ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಕೈಯಲ್ಲಿ ಮಚ್ಚು ಇತ್ತು ಅನ್ನುವುದು ಅವಳಿಗೆ ನೆನಪೇ ಇರಲಿಲ್ಲ. ನಮ್ಮಲ್ಲಿ ಕೆಲಸಕ್ಕೆ ಹೋದವರ ಕೈಯಲ್ಲಿ ಮಚ್ಚು ಇರುವುದು ಬೆರಳಿರುವಷ್ಟೇ ಸಹಜ.

ರೊವೀನಾ ಕಂಡದ್ದು ಮಾತ್ರ ಅದನ್ನೇ. ಯಾರೋ ಕಿರುಚಿಕೊಂಡು, ಮಚ್ಚು ಹಿಡಿದು, ತನ್ನ ಮೇಲೆ ಬರುತ್ತಿದ್ದಾರೆ. ಅವಳು ತಿರುಗಿ ಮರಗಳ ಒಳಗೇ ನುಗ್ಗಿದಳು. ಕೊಂಬೆ ಮುಖಕ್ಕೆ ಬಡಿಯಿತು, ಬೇರು ಕಾಲಿಗೆ ಸಿಕ್ಕಿತು. ಬಿದ್ದಳು. ಎದ್ದು ಓಡಲು ಪಾದ ನೆಲಕ್ಕೆ ಊರಲಾಗಲಿಲ್ಲ. ತೆವಳಿಕೊಂಡು ಬಯಲಿಗೆ ಬಂದು ಮುಖ ಮುಚ್ಚಿಕೊಂಡು ಮುದುರಿದಳು. "ತಗೋ, ಏನು ಬೇಕೋ ತಗೋ, ಹೊಡೀಬೇಡ" ಅನ್ನುತ್ತಿದ್ದಳಂತೆ.

ಆಗ ಎಫೀ ತನ್ನ ಕೈ ನೋಡಿಕೊಂಡಳು. ಮಚ್ಚನ್ನು ದೂರಕ್ಕೆ ಎಸೆದಳು. ಇನ್ನು ಒಂದು ಹೆಜ್ಜೆಯನ್ನೂ ಮುಂದಿಡದೆ ಅಲ್ಲೇ ಒದ್ದೆ ಮರಳಿನಲ್ಲಿ ಕೂತುಬಿಟ್ಟಳು. ಮಳೆ ಎಷ್ಟು ಬೇಗ ಬಂದಿತ್ತೋ ಅಷ್ಟೇ ಬೇಗ ನಿಲ್ಲತೊಡಗಿತ್ತು.

"ಅಮ್ಮಾ, ನಾನು ಕಾಯಿ ಸುಲಿಯೋಳು. ಆ ಮರ ವಿಷದ್ದು. ಅದನ್ನ ಹೇಳೋಕೆ ಬಂದೆ. ನೋಡು, ನನ್ನ ಕೈಯಲ್ಲಿ ಏನೂ ಇಲ್ಲ."

ರೊವೀನಾ ಬೆರಳ ಸಂದಿಯಿಂದ ನೋಡಿದಳು. ಒಂದು ಕಣ್ಣು ಆಗಲೇ ಉರಿಯಲು ಶುರುವಾಗಿತ್ತು.

"ಉಜ್ಜಬೇಡ. ಉಜ್ಜಿದರೆ ಇನ್ನೂ ಒಳಕ್ಕೆ ಹೋಗುತ್ತೆ. ನನ್ನ ಹತ್ತಿರ ಕುಡಿಯೋ ನೀರಿದೆ, ತರಲಾ? ಬೇಡ ಅಂದ್ರೆ ಬಾಟ್ಲಿ ಉರುಳಿಸ್ತೀನಿ, ನೀನೇ ತೊಳ್ಕೋ."

"ಉರುಳಿಸು," ಅಂದಳು ರೊವೀನಾ.

ಎಫೀ ಬಾಟಲಿ ಉರುಳಿಸಿದಳು. ಅದರಲ್ಲಿ ಅರ್ಧಕ್ಕಿಂತ ಕಡಿಮೆ ನೀರಿತ್ತು, ಬೇಗ ಮುಗಿಯಿತು. ಉರಿ ನಿಲ್ಲಲಿಲ್ಲ. ಭುಜ, ಕತ್ತು ಕೆಂಪಾಗುತ್ತಿದ್ದವು.

"ಇನ್ನೂ ತೊಳೀಬೇಕು. ಸಮುದ್ರದ ನೀರು ಭುಜಕ್ಕಾಗುತ್ತೆ, ಕಣ್ಣಿಗೆ ಬೇಡ. ಎಳನೀರಿದೆ, ಅದಕ್ಕಿಂತ ಶುದ್ಧವಾದದ್ದು ಇಲ್ಲೇನೂ ಸಿಗಲ್ಲ." ಎಫೀ ಒಂದು ಗಳಿಗೆ ತಡೆದಳು. "ಆದರೆ ಅದನ್ನ ಕೆತ್ತೋಕೆ ಮಚ್ಚು ಬೇಕು. ನೀನು ಹೂಂ ಅಂದ್ರೆ ಮಾತ್ರ ತಗೋತೀನಿ."

ಆ ಹೊತ್ತಿನ ಬಗ್ಗೆ ರೊವೀನಾ ನನಗೆ ಹೆಚ್ಚೇನೂ ಹೇಳಲಿಲ್ಲ. ಅಷ್ಟು ದಿನದಲ್ಲಿ ಊರಲ್ಲಿ ಒಬ್ಬರಾದರೂ ತನಗೆ ಏನು ಬೇಕು ಅಂತ ಕೇಳಿದ್ದು ಅದೇ ಮೊದಲು ಅಂದಳು. ಅವಳು ಹೂಂ ಅಂದಳು.

ಎಫೀ ಎಳನೀರು ಕೆತ್ತಿದಳು. ಕೆತ್ತುವಾಗ ರೊವೀನಾಳಿಗೆ ಎದುರಾಗಿ ಕೂತು, ಪ್ರತಿ ಏಟಿಗೂ ಮೊದಲು "ಈಗ ಹೊಡೀತೀನಿ" ಅಂತ ಹೇಳಿ ಹೊಡೆದಳು. ಕೆತ್ತಿ ಮುಗಿಸಿದೊಡನೆ ಮಚ್ಚನ್ನು ಎಟುಕದಷ್ಟು ದೂರ ಇಟ್ಟಳು. ರೊವೀನಾ ಹತ್ತಿರ ಬರಲು ಬಿಟ್ಟಳು. ಎಫೀ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಬಿಡಿಸಿ ಹಿಡಿದು, ಎಳನೀರನ್ನು ಸಣ್ಣಗೆ ಸುರಿಯುತ್ತ ಕೂತಳು. ಒಂದು ಮುಗಿದರೆ ಇನ್ನೊಂದು.

"ನಿಮ್ಮ ಹೆಸರೇನು?" ರೊವೀನಾ ಕೇಳಿದಳು.

ಎಫೀ ಅಂತ ಹೇಳಿ ಸುಮ್ಮನಿರಬಹುದಿತ್ತು. ಊರಲ್ಲಿ ಮನೆತನದ ಹೆಸರು ಯಾರೂ ಹೇಳುವುದಿಲ್ಲ.

"ಯೂಫೀಮಿಯಾ ಯಾರ್ಕ್," ಅಂದಳು.

ಇಂಗ್ಲೆಂಡಿಗೆ ಅಂಚೆಯಲ್ಲಿ ಬಂದ ನ್ಯಾಯಾಲಯದ ಕಾಗದಗಳಲ್ಲಿ ಕರ್ವಿನ್ ಯಾರ್ಕ್ ಅನ್ನುವ ಹೆಸರನ್ನು ರೊವೀನಾ ಎಷ್ಟು ಸಲ ಓದಿದ್ದಳೋ. ತೊಡೆಯ ಮೇಲಿದ್ದ ತಲೆ ಬಿಗಿಯಾದದ್ದು ಎಫೀಗೆ ತಿಳಿಯಿತು. ಅವಳು ಕೈ ತೆಗೆದಳು.

"ನಾನು ಊರಿಗೆ ಹೋಗಿ ಬೇರೆ ಯಾರನ್ನಾದರೂ ಕಳಿಸ್ತೀನಿ. ನೀನು ಈ ಬಯಲಲ್ಲೇ ಕೂತಿರು, ಮರದ ಹತ್ತಿರ ಹೋಗಬೇಡ."

ರೊವೀನಾ ಎದ್ದು ಕೂತಳು. ಸುತ್ತ ನೋಡಿದಳು. ಖಾಲಿ ದಂಡೆ, ಆ ಮರಗಳು, ಊದಿದ ಪಾದ. "ಒಬ್ಬಳನ್ನೇ ಬಿಟ್ಟು ಹೋಗಬೇಡಿ," ಅಂದಳು. "ಆದರೆ ಆ ಮಚ್ಚು ನನ್ನ ಕೈಯಲ್ಲಿರಲಿ."

ಅಷ್ಟರಲ್ಲಿ ಇಲ್ಲಿ ನಾವು ಅವಳನ್ನು ಹುಡುಕಿ ಸುಸ್ತಾಗಿದ್ದೆವು. ಮೇಷ್ಟ್ರು ಜಲಪಾತದ ಕಡೆ ಹುಡುಗರನ್ನು ಅಟ್ಟಿದ್ದರು, ಬೋಸನ್ ಈಚೆಯ ಕೊಲ್ಲಿಯಲ್ಲಿ ದೋಣಿ ಸುತ್ತಿಸಿ ಬಂದಿದ್ದ, ನಾನು ಮನಸ್ಸಿನಲ್ಲೇ ದೇವರಿಗೆ ಏನೇನೋ ಹರಕೆ ಹೊತ್ತಿದ್ದೆ. ಆಗ ಗುಡ್ಡದ ದಾರಿಯಲ್ಲಿ ಇಬ್ಬರು ಇಳಿದು ಬಂದರು. ಎಫೀಯ ಹೆಗಲ ಮೇಲೆ ಕೈ ಹಾಕಿ ಕುಂಟುತ್ತ ರೊವೀನಾ. ಅವಳ ಒಂದು ಕಣ್ಣು ಮುಚ್ಚಿತ್ತು, ಕತ್ತೆಲ್ಲ ಬೊಬ್ಬೆ, ಇನ್ನೊಂದು ಕೈಯಲ್ಲಿ ಅಷ್ಟುದ್ದದ ಮಚ್ಚು.

ರಮ್ಮಿನ ಅಂಗಡಿಯ ಮುಂದೆ ಇದ್ದವರೆಲ್ಲ ಎದ್ದು ನಿಂತರು. ಬೋಸನ್ ಎರಡು ಹೆಜ್ಜೆ ಹಿಂದೆ ಸರಿದ.

"ಆಲ್ಸ್ಟನ್, ಗಾಡಿ ತೆಗಿ. ನಿಂತು ನೋಡ್ತೀಯಲ್ಲ," ಅಂದಳು ಎಫೀ.

ಆರೋಗ್ಯ ಕೇಂದ್ರದ ನರ್ಸಮ್ಮ ಕಣ್ಣು ನೋಡಿ, ತಕ್ಷಣ ತೊಳೆದದ್ದರಿಂದ ಉಳಿಯಿತು ಅಂದಳು. ಮುಲಾಮು, ಪಟ್ಟಿ ಕೊಟ್ಟಳು. ರೊವೀನಾ ಕೆಲವು ದಿನ ನನ್ನ ಜಗುಲಿಯ ಆರಾಮಕುರ್ಚಿಯಲ್ಲಿ ಒಂದು ಕಣ್ಣು ಕಟ್ಟಿಕೊಂಡು, ಕಾಲು ಮಣೆಯ ಮೇಲಿಟ್ಟುಕೊಂಡು ಕಳೆದಳು. ಎರಡನೇ ದಿನ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಎಫೀಯ ಬಗ್ಗೆ ಕೇಳಿದಳು. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಪೊಲೀಸರು ಕೇಳಿದ್ದು, ಅವಳು ಹೇಳದೇ ಇದ್ದದ್ದು, ಊರು ಅವಳ ರೊಟ್ಟಿ ಬಿಟ್ಟದ್ದು. ದಂಡೆಗೆ ಬರಬೇಡ ಅಂದದ್ದನ್ನೂ ಹೇಳಿದೆ.

"ನನಗೋಸ್ಕರನಾ?"

"ನಿನಗೋಸ್ಕರ ಅಂತ ನಾವು ಅಂದ್ಕೊಂಡಿದ್ದೆವು."

ಅವಳು ಎಫೀಯನ್ನು ಕರೆಸು ಅಂದಳು. ಎಫೀ ಬಂದಳು, ಬಿಸಿ ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು. ಮೆಟ್ಟಿಲ ಮೇಲೆಯೇ ಕೂತಳು. ನಾನು ಒಳಗೆ ಹೋಗಲು ಎದ್ದರೆ ಇಬ್ಬರೂ ಇರು ಅಂದರು, ಹಾಗಾಗಿ ಅವರೆಕಾಳು ಬಿಡಿಸುತ್ತ ಅಲ್ಲೇ ಇದ್ದೆ.

"ಅವತ್ತು ನಿಮ್ಮ ಮಗ ಮನೇಲಿದ್ದ ಅಂತ ಯಾಕೆ ಹೇಳಲಿಲ್ಲ?" ರೊವೀನಾ ಕೇಳಿದಳು.

ಎಫೀಗೆ ಆ ಪ್ರಶ್ನೆ ವಿಚಿತ್ರ ಅನಿಸಿದ ಹಾಗೆ ಕಂಡಿತು. "ಅವನು ಮನೇಲಿರಲಿಲ್ಲ," ಅಂದಳು.

ರೊವೀನಾ ಮಣೆಯ ಮೇಲಿದ್ದ ಕಾಲು ಇಳಿಸಿ ಅವಳ ಕಡೆ ಬಾಗಿದಳು. "ಅವನು ಯಾಕೆ ಹಾಗೆ ಮಾಡಿದ?"

"ಕೇಳಿದೀನಿ. ಒಂದೊಂದು ಸಲ ಒಂದೊಂದು ಹೇಳ್ತಾನೆ. ಸ್ನೇಹಿತರು ಅಂತಾನೆ, ಒಂದು ಸಲ ಗೊತ್ತಿಲ್ಲ ಅಂತಾನೆ. ಈಗ ನಾನು ಕೇಳೋದು ಬಿಟ್ಟೆ. ಹಡಗು ಹತ್ತಿ ಹೋಗ್ತೀನಿ, ಸೋಪು ಬಿಸ್ಕತ್ತು ಕೊಡ್ತೀನಿ, ಸ್ವಲ್ಪ ಹೊತ್ತು ಎದುರಿಗೆ ಕೂತಿದ್ದು ಬರ್ತೀನಿ." ಬಟ್ಟೆಯ ಗಂಟು ಬಿಚ್ಚುತ್ತ ಸೇರಿಸಿದಳು. "ನಿನ್ನ ಹತ್ತಿರ ಕ್ಷಮೆ ಕೇಳೋದು ಅವನ ಕೆಲಸ, ನನ್ನದಲ್ಲ. ನಾನು ಕೇಳಿದರೆ ಅವನಿಗೆ ಕೇಳೋಕೆ ಏನೂ ಉಳಿಯಲ್ಲ."

ರೊವೀನಾ ಕ್ಷಮಿಸಿದೆ ಅಂತ ಹೇಳಲಿಲ್ಲ. ರೊಟ್ಟಿ ತಗೊಂಡು ತಿಂದಳು. ತಿನ್ನುತ್ತ ತನ್ನ ಬಸ್ಸಿನ ಕಥೆ ಹೇಳಿದಳು, ಮುದುಕ ಭುಜ ಮುಟ್ಟಿದ್ದು, ತಾನು ಓಡಿದ್ದು. ಎಫೀ ಮಧ್ಯೆ ಬಾಯಿ ಹಾಕದೆ ಕೇಳಿದಳು. ಕೊನೆಗೆ, "ನಾನೂ ಆ ಜಲಪಾತದ ದಾರಿ ತುಳಿದಿಲ್ಲ, ಅವತ್ತಿನಿಂದ. ಅಲ್ಲಿ ನನ್ನ ಗೆಣಸಿನ ತೋಟ ಇತ್ತು. ಬೆಳೆದು ಕೊಳೆತು ಹೋಗಿರುತ್ತೆ," ಅಂದಳು.

ಹೊರಡುವ ಹಿಂದಿನ ದಿನ, ಕಾಲು ಊರುವಂತಾದ ಮೇಲೆ, ಇಬ್ಬರೂ ಜಲಪಾತಕ್ಕೆ ಹೊರಟರು. ಬೇರೆ ಯಾರೂ ಬರಕೂಡದು ಅಂತ ರೊವೀನಾ ಮೇಷ್ಟ್ರ ಮನೆಗೇ ಹೋಗಿ ಹೇಳಿ ಬಂದಿದ್ದಳು. ಮೇಷ್ಟ್ರು ತಲೆಯಾಡಿಸಿದರಂತೆ. ಊರು ಅವತ್ತು ಬಾಗಿಲ ಸಂದಿಯಿಂದಷ್ಟೇ ನೋಡಿತು. ಎಫೀ ಮುಂದೆ, ರೊವೀನಾ ಹಿಂದೆ.

ಅವತ್ತು ಮಚ್ಚು ಬೀಸಿದ ಆ ಆಲದ ಬೇರಿನ ತಿರುವಿನವರೆಗೂ ಹೋದರು. ಅಲ್ಲಿಂದ ಜಲಪಾತದ ಸದ್ದು ಕೇಳುತ್ತದೆ. ರೊವೀನಾ ನಿಂತಳು. ಬೇರಿನ ಮೇಲೆ ಕೂತಳು. ಎಫೀ ಎದುರಿಗೆ ನೆಲದ ಮೇಲೆ ಕೂತಳು. ಧೈರ್ಯ ತಗೋ ಅಂತಲಾಗಲಿ, ಇನ್ನು ಸ್ವಲ್ಪವೇ ದೂರ ಅಂತಲಾಗಲಿ ಅವಳು ಹೇಳಲಿಲ್ಲ. ಅವಳ ಕಣ್ಣಲ್ಲೂ ನೀರಿತ್ತು ಅಂತ ರೊವೀನಾ ಆಮೇಲೆ ನನಗೆ ಹೇಳಿದಳು. ಬಿಸಿಲು ಎಲೆಗಳ ನಡುವಿನಿಂದ ಸರಿದು ಪಕ್ಕಕ್ಕೆ ಹೋಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.

"ಇವತ್ತಿಗೆ ಇಷ್ಟೇ ಆಗೋದು ನನ್ನ ಕೈಲಿ," ಅಂದಳು ರೊವೀನಾ.

"ನನಗೂ ಅಷ್ಟೇ. ನಡಿ, ವಾಪಸು ಹೋಗೋ ದಾರೀಲಿ ಒಂದೆರಡು ಗೆಣಸು ಉಳಿದಿದೆಯಾ ನೋಡೋಣ," ಅಂದಳು ಎಫೀ.

ಗೆಣಸು ಉಳಿದಿತ್ತು. ಆ ರಾತ್ರಿ ಊಟಕ್ಕೆ ನಾನು ಅದನ್ನೇ ಬೇಯಿಸಿದೆ.

ರೊವೀನಾ ತನ್ನೂರಿಗೆ ಹೋದಳು. ಈಗ ಹಗಲು ಪಾಳಿಯಲ್ಲಿ ಬಸ್ಸು ಓಡಿಸುತ್ತಾಳಂತೆ. ರಾತ್ರಿ ಪಾಳಿ ಇನ್ನೂ ಆಗುವುದಿಲ್ಲ, ಎಂದಾದರೂ ಆಗುತ್ತದೋ ಇಲ್ಲವೋ ಗೊತ್ತಿಲ್ಲ ಅಂತ ಫೋನಿನಲ್ಲಿ ಹೇಳಿದಳು. ಎಫೀಯ ಬಾಣಲೆ ಮತ್ತೆ ದಂಡೆಗೆ ಬಂತು. ಮೊದಲ ರೊಟ್ಟಿ ಕೊಂಡವರು ಮೆಲ್ವಿಲ್ ಮೇಷ್ಟ್ರು. ತಪ್ಪಾಯಿತು ಅಂತ ಅವರು ಹೇಳಲಿಲ್ಲ, ಅಂಥ ಮಾತು ಅವರಿಗೆ ಬರುವುದಿಲ್ಲ. ಆದರೆ ಆ ವಾರವೇ ಬೋಸನ್‌ನನ್ನು ಕರೆದುಕೊಂಡು ಹಿಂಬದಿ ಕೊಲ್ಲಿಗೆ ಹೋಗಿ, ಅಷ್ಟೂ ಮರಗಳಿಗೆ ತಮ್ಮ ಕೈಯಾರೆ ಕೆಂಪು ಬಳಿದು ಬಂದರು. ಷರಟೆಲ್ಲ ಬಣ್ಣವಾಗಿತ್ತು.

ಕ್ರಿಸ್ಮಸ್ಸಿಗೆ ಮುಂಚೆ ಎಫೀ ಮಗನನ್ನು ನೋಡಲು ಟ್ರಿನಿಡಾಡಿಗೆ ಹೋದಳು. ಅವಳು ವಾಪಸು ಬರುವ ದಿನ ಆಲ್ಸ್ಟನ್ ಜೊತೆ ನಾನೂ ಬಂದರಿಗೆ ಹೋಗಿದ್ದೆ. ಅವಳು ಖಾಲಿ ಚೀಲ ಹಿಡಿದು ಹಡಗಿನಿಂದ ಇಳಿದು ಬಂದಳು. ಗಾಡಿ ಪಟ್ಟಣ ದಾಟಿತು. ಆಮೇಲೆ ತಾನಾಗಿಯೇ ಹೇಳಿದಳು.

"ಅವನಿಗೆ ಎಲ್ಲಾ ಹೇಳಿದೆ ಇಸ್ಮೇ. ಆಕೆ ಬಂದಿದ್ದು, ಮರದಡಿ ನಿಂತಿದ್ದು, ಕಣ್ಣು ತೊಳೆದಿದ್ದು."

"ಏನಂದ?"

"ಮೇಜು ಕೆರೀತಾ ಕೂತಿದ್ದ. ನಾನು ಎದ್ದು ಹೊರಟ ಮೇಲೆ ಕರೆದ. ಆಕೆ ಕಣ್ಣು ಸರಿಹೋಯ್ತಾ ಅಂತ ಕೇಳಿದ."

ಗಾಡಿ ಗುಡ್ಡ ಹತ್ತುತ್ತಿತ್ತು. ಎಫೀ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಇಷ್ಟು ದಿನದಲ್ಲಿ ಆಕೆ ಬಗ್ಗೆ ಅವನು ಕೇಳಿದ್ದು ಇದೇ ಮೊದಲು," ಅಂದಳು.